ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್

ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವ ರಾಯದುರ್ಗ, ಮಡಕಶಿರಾ ಸೀಮೆಯ ನಮಗೆ ಈ ಮಹನೀಯರು ಹೊರಗಿನವರಲ್ಲ. ಆದರೂ ಅವರ ಹೆಸರು ಬಲ್ಲ ಮಕ್ಕಳು ವಿರಳ. ಆದ್ದರಿಂದ ಈ ಸಲ ಅವರ ಜೀವನವನ್ನೇ ಆರಿಸಿಕೊಂಡಿದ್ದೇವೆ.

ಸುಬ್ಬರಾಯರು 1895ರ ಜನವರಿ 12ರಂದು ಗೋದಾವರಿ ತೀರದ ಸೀಮೆಯ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ತೇರ್ಗಡೆಯಾದರು. (ಫಲಿತಾಂಶದ ದಿನ ಮಕ್ಕಳ ಮೇಲೆ ಸಿಡುಕುವ ಪೋಷಕರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.) ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ, ಎಂ.ಬಿ.ಬಿ.ಎಸ್. ಬದಲು ಎಲ್.ಎಂ.ಎಸ್. ಎಂಬ ಕೆಳದರ್ಜೆಯ ಪದವಿಯಷ್ಟೇ ದೊರೆಯಿತು.

ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ಉಂಡದ್ದು ಮೈಗೆ ಹತ್ತದೆ, ರಕ್ತ ಬತ್ತಿ ಸಾಯುವ ರೋಗವದು. ಆಗ ಅದಕ್ಕೆ ಮದ್ದಿರಲಿಲ್ಲ. 1922ರಲ್ಲಿ ಪತ್ನಿ ಶೇಷಗಿರಿಯವರನ್ನು ಊರಿನಲ್ಲಿಯೇ ಬಿಟ್ಟು ಸುಬ್ಬರಾಯರು ಅಮೆರಿಕೆಗೆ ತೆರಳಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ದುಡಿದರು. ಜೀವಕೋಶಕ್ಕೆ ಶಕ್ತಿಯೊದಗಿಸುವ ಎ.ಟಿ.ಪಿ.ಯನ್ನು ಗುರುತಿಸಿದವರಲ್ಲಿ ಒಬ್ಬರಾದರು. ಆದರೆ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು!

ಕಥೆ ಇಲ್ಲಿಗೇ ನಿಲ್ಲಲಿಲ್ಲ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಂಥದೇ ವಸ್ತುಗಳನ್ನು ಕೊಟ್ಟಾಗ ರೋಗ ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲಕ್ಕೆ ಅಡ್ಡಿ ಮಾಡಿದರೆ ಹೇಗೆ? ಸುಬ್ಬರಾಯರ ತಂಡ ಅದನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ರಚಿಸಿಕೊಟ್ಟಿತು. ಕಳ್ಳ ಬೀಗದ ಕೈ ಬೀಗದಲ್ಲಿ ಸಿಕ್ಕಿಕೊಂಡರೆ ನಿಜವಾದ ಕೈ ಒಳಗೆ ಹೋಗಲಾರದಷ್ಟೇ! ಹಾಗೆಯೇ ಈ ವಸ್ತು ಒಂದು ಕಿಣ್ವದಲ್ಲಿ ಸಿಕ್ಕಿಕೊಂಡು ಜೀವಕೋಶಗಳು ಹೆಚ್ಚದಂತೆ ತಡೆಯುತ್ತದೆ. 1948ರಲ್ಲಿ ಫಾರ್ಬರ್ ವರದಿ ಮಾಡಿದಂತೆ, 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಚೇತರಿಕೆ ಕೆಲವು ತಿಂಗಳಷ್ಟೇ ಬಾಳಿತು. ಆದರೂ ಆವರೆಗೆ ಅಷ್ಟೂ ಆಗಿರಲಿಲ್ಲ. ಇದರ ಸೋದರವಸ್ತುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಆಸ್ಪತ್ರೆಗಳಲ್ಲಿದೆ.

ಈ ಮದ್ದು ಬೆಳೆಯುವ ಒಳ್ಳೆಯ ಕೋಶಗಳನ್ನೂ ಬಿಡದು. ಬಾಯಿ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ. ಕ್ಯಾನ್ಸರ್ ಕೋಶಗಳು ಅಂಗಾಂಶವನ್ನು ಕರಗಿಸಿ ಬೇರೆಡೆಗೆ ಸಂಚರಿಸಲು ಬಳಸುವ ಕಿಣ್ವಗಳನ್ನು ತಡೆಯುವ ಮದ್ದುಗಳನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗಲೂ ಇದೇ ತೊಡಕು: ಅವು ಬೇಡದ ಕಿಣ್ವದ ಜೊತೆಗೆ ಬೇಕಾದವನ್ನೂ ತಡೆದವು, ರೋಗಿಗಳಿಗೆ ಕೀಲುನೋವು ಬಂತು. ಬೇಕಾದ ಬೀಗಕ್ಕೆ ಮಾತ್ರ ಹೊಂದುವ ಕೈಗಾಗಿ ಹುಡುಕಾಟ ಇನ್ನೂ ನಡೆದಿದೆ.

1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ಅಮೆರಿಕೆಯಲ್ಲಿಯೇ ನಿದ್ರೆಯಲ್ಲಿ ತೀರಿಕೊಂಡರು. 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 1922ರಲ್ಲಿ ಅವರನ್ನು ಬೀಳ್ಕೊಟ್ಟ ಶೇಷಗಿರಿಯವರು ಪತಿಯನ್ನು ಮತ್ತೆ ಕಾಣಲೇ ಇಲ್ಲ.