ನಾಯಿಕೆಮ್ಮಿನ ಜಾಡು ಹಿಡಿದು ಮನೆಮನೆಗೆ ಹೋದ ಡಾ. ಪರ್ಲ್ ಕೆಂಡ್ರಿಕ್

ರಾಯಿಕೋಡ್: ಕನ್ನಡದಲ್ಲಿ ನಾಯಿಕೆಮ್ಮು, ತೆಲುಗಿನಲ್ಲಿ ಕೋರಿಂತ ದಗ್ಗು, ಉರ್ದುವಿನಲ್ಲಿ ಕಾಲಿ ಖಾಂಸಿ. ರಾಯಿಕೋಡ್, ಜಹೀರಾಬಾದ್, ನಾರಾಯಣಖೇಡ್ ಕಡೆ ಕೂಸುಗಳಿಗೆ 6, 10 ಮತ್ತು 14ನೇ ವಾರದಲ್ಲಿ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದು ಈ ರೋಗವನ್ನೂ ತಡೆಯುತ್ತದೆ. ಇಂಥ ಲಸಿಕೆಗೆ ದಾರಿ ಮಾಡಿದವರಲ್ಲಿ ಅಮೆರಿಕದ ಡಾ. ಪರ್ಲ್ ಕೆಂಡ್ರಿಕ್ ಪ್ರಮುಖರು.

1890ರಲ್ಲಿ ಇಲಿನಾಯ್ ರಾಜ್ಯದ ವೀಟನ್‌ನಲ್ಲಿ ಹುಟ್ಟಿದ ಕೆಂಡ್ರಿಕ್ ಅವರಿಗೆ ಮೂರನೇ ವಯಸ್ಸಿನಲ್ಲಿ ನಾಯಿಕೆಮ್ಮು ಬಂದಿತ್ತು. ಕೆಲಕಾಲ ಶಿಕ್ಷಕಿಯಾಗಿದ್ದು, ಬಳಿಕ ಮಿಷಿಗನ್ ಆರೋಗ್ಯ ಇಲಾಖೆ ಸೇರಿ, 1926ರಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ಪ್ರಯೋಗಾಲಯದ ಮುಖ್ಯಸ್ಥೆಯಾದರು. ಆಗ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 6,000 ಮಂದಿ ಈ ರೋಗಕ್ಕೆ ಬಲಿಯಾಗುತ್ತಿದ್ದರು. ಹೆಚ್ಚಿನವರು ಚಿಕ್ಕ ಮಕ್ಕಳು.

ಈ ರೋಗವನ್ನು ಗುರುತಿಸುವುದೇ ಕಷ್ಟ. ಮೊದಲ ಒಂದೆರಡು ವಾರ ಬರೀ ನೆಗಡಿಯಂತೆ ಕಾಣುತ್ತದೆ. ಉಸಿರೆಳೆಯುವಾಗ ಕೂಗಿನಂಥ ಸದ್ದು ಬರುವ ಹೊತ್ತಿಗೆ ಅಣ್ಣ-ತಮ್ಮಂದಿರಿಗೂ ಅಂಟಿರುತ್ತದೆ. ಎಳೆಗೂಸಿಗೆ ಆ ಸದ್ದೂ ಬರದೆ, ಮೈ ನೀಲಿಗಟ್ಟಿ ಉಸಿರೇ ನಿಲ್ಲಬಹುದು. ದೊಡ್ಡವರಿಗೆ ಸಾಮಾನ್ಯ ಕೆಮ್ಮಷ್ಟೇ. ಕೂಸಿಗೆ ರೋಗ ಅಂಟಿಸುವವರು ಎಷ್ಟೋ ಸಲ ಅವರೇ.

1932ರಲ್ಲಿ ಕೆಂಡ್ರಿಕ್ ಮತ್ತು ಸಹೋದ್ಯೋಗಿ ಗ್ರೇಸ್ ಎಲ್ಡರಿಂಗ್ ಇದರ ಬೆನ್ನು ಹತ್ತಿದರು. ದಿನದ ಕೆಲಸ ಮುಗಿಸಿ, ಸಂಜೆ ರೋಗಿಗಳ ಮನೆಗೆ ಹೋಗುತ್ತಿದ್ದರು. ಆರ್ಥಿಕ ಕುಸಿತದ ಕಾಲ. ಎಷ್ಟೋ ಮನೆಗಳಲ್ಲಿ ತಂದೆಗೆ ಕೆಲಸವಿಲ್ಲ, ಸೀಮೆಎಣ್ಣೆ ದೀಪವೇ ಗತಿ. ಕೆಮ್ಮುವ ಮಗುವಿನ ಬಾಯಿಯ ಮುಂದೆ ರಕ್ತ ಬೆರೆಸಿದ ಆಹಾರವಿರುವ ಗಾಜಿನ ತಟ್ಟೆ ಹಿಡಿಯುತ್ತಿದ್ದರು. ಕೆಲ ದಿನಗಳಲ್ಲಿ ಅದರಲ್ಲಿ ರೋಗಾಣು ಬೆಳೆದರೆ ನಾಯಿಕೆಮ್ಮು ಖಚಿತ. ರೋಗಾಣುವನ್ನು ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಝಾಂಗು 1906ರಲ್ಲೇ ಬೆಳೆಸಿ ತೋರಿಸಿದ್ದರು. ಅದನ್ನು ಮನೆಬಾಗಿಲಿಗೇ ಹೋಗಿ ಪತ್ತೆಹಚ್ಚಿದ್ದು ಈ ಇಬ್ಬರ ಸಾಧನೆ. ಮಕ್ಕಳನ್ನು ಎಷ್ಟು ದಿನ ಬೇರೆ ಇರಿಸಬೇಕೆಂಬುದಕ್ಕೂ ಈ ತಟ್ಟೆಗಳೇ ಆಧಾರವಾದವು.

ಹೀಗೆ ಸಿಕ್ಕ ರೋಗಾಣುಗಳನ್ನು ಕೊಂದು ಲಸಿಕೆ ತಯಾರಿಸಿದರು. 1934ರಲ್ಲಿ ಶುರುವಾದ ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ, ಲಸಿಕೆ ಪಡೆದ 712 ಮಕ್ಕಳಲ್ಲಿ ನಾಲ್ವರಿಗೆ, ಪಡೆಯದ 880 ಮಕ್ಕಳಲ್ಲಿ 45 ಮಂದಿಗೆ ರೋಗ ಬಂದಿತ್ತು. 1936ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಪ್ರಯೋಗಾಲಯಕ್ಕೆ ಬಂದು ಹೋದ ಮೇಲೆ ಸಿಬ್ಬಂದಿಗೆ ಹಣವೂ ಸಿಕ್ಕಿತು. ಮುಂದೆ ಗಂಟಲಮಾರಿ, ಧನುರ್ವಾಯು ಲಸಿಕೆಗಳ ಜತೆ ಇದನ್ನು ಬೆರೆಸಿ, ಇಂದು ಡಿಪಿಟಿ ಎನ್ನುವ ಒಂದೇ ಚುಚ್ಚುಮದ್ದು ಮಾಡುವುದರಲ್ಲೂ ಅವರ ಪಾಲಿದೆ.

1951ರಲ್ಲಿ ಇಲಾಖೆ ಬಿಟ್ಟ ಕೆಂಡ್ರಿಕ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1980ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲೇ ತೀರಿಕೊಂಡರು.