ಪತ್ರಿಕಾವೃತ್ತಿಗೆ ವಿದ್ಯಾಪೀಠವನ್ನು ಕಲ್ಪಿಸಿದ ಜೋಸೆಫ್ ಪುಲಿಟ್ಜರ್

ವಕೀಲನಾಗಬಯಸುವವನು ನ್ಯಾಯಶಾಸ್ತ್ರವನ್ನೂ ವೈದ್ಯನಾಗಬಯಸುವವನು ವೈದ್ಯಶಾಸ್ತ್ರವನ್ನೂ ಓದಬೇಕೆಂಬುದನ್ನು ಲೋಕ ಬಹು ಹಿಂದೆಯೇ ಒಪ್ಪಿಕೊಂಡಿತ್ತು. ಆದರೆ ಪತ್ರಿಕೆಯಲ್ಲಿ ಬರೆಯುವವನಿಗೂ ಕ್ರಮಬದ್ಧ ಶಿಕ್ಷಣ ಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಎಣಿಸಿದವರು ವಿರಳ. ಪತ್ರಿಕಾಕರ್ತನು ಹುಟ್ಟುಗುಣದಿಂದ ಆಗಬೇಕು, ಇಲ್ಲವೆ ಮುದ್ರಣಾಲಯದ ಮಸಿಯಲ್ಲಿ ಪಳಗಬೇಕು ಎಂಬುದು ಅಂದಿನ ಬಲವಾದ ನಂಬಿಕೆ. ಆ ನಂಬಿಕೆಯನ್ನು ಎದುರಿಸಿ, ಪತ್ರಿಕಾವೃತ್ತಿಯ ಶಿಕ್ಷಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ತೆರೆಸಲು ಅಪಾರ ಧನವನ್ನು ಮುಡಿಪಾಗಿಟ್ಟವರು ಜೋಸೆಫ್ ಪುಲಿಟ್ಜರ್. ಅವರು ಸ್ವತಃ ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವರಲ್ಲವೆಂಬುದು ಸೋಜಿಗದ ಸಂಗತಿ.

ಪುಲಿಟ್ಜರ್ ಜನಿಸಿದ್ದು 1847ರ ಏಪ್ರಿಲ್ 10ರಂದು, ಹಂಗೇರಿ ದೇಶದ ಮಾಕೋ ಎಂಬ ಊರಿನಲ್ಲಿ. ತಂದೆ ಧಾನ್ಯದ ವರ್ತಕರು. ಅವರು ತೀರಿಕೊಂಡ ಬಳಿಕ ಮನೆತನ ಬಡತನಕ್ಕಿಳಿಯಿತು. ಸೈನ್ಯ ಸೇರಬೇಕೆಂಬ ತರುಣನ ಹಂಬಲಕ್ಕೆ ಮಂದದೃಷ್ಟಿ ಅಡ್ಡಬಂದಿತು. ಕೊನೆಗೆ 1864ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅಂತರ್ಯುದ್ಧದಲ್ಲಿದ್ದ ಅಮೆರಿಕದ ಸೈನ್ಯಕ್ಕೆ ಭರ್ತಿಯಾಗಿ ಅವರು ಕಡಲು ದಾಟಿದರು.

ಯುದ್ಧ ಮುಗಿದಾಗ ಕೈಯಲ್ಲಿ ಕಾಸಿರಲಿಲ್ಲ. ಇಂಗ್ಲಿಷ್ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ಸೇಂಟ್ ಲೂಯಿ ನಗರವನ್ನು ಸೇರಿ ಹೇಸರಗತ್ತೆಗಳನ್ನು ನೋಡಿಕೊಂಡರು, ಉಪಾಹಾರಗೃಹದಲ್ಲಿ ಬಡಿಸಿದರು, ಸಿಕ್ಕ ಕೂಲಿಯನ್ನೆಲ್ಲ ಮಾಡಿದರು. ಬಿಡುವಿನ ವೇಳೆಯನ್ನು ಮಾತ್ರ ಅಲ್ಲಿನ ಮರ್ಕಂಟೈಲ್ ಗ್ರಂಥಾಲಯದಲ್ಲಿ ಕಳೆದರು. ಇಂಗ್ಲಿಷನ್ನೂ ಕಾನೂನನ್ನೂ ಕಲಿತದ್ದು ಅಲ್ಲಿಯೇ. ಅಲ್ಲಿ ಚದುರಂಗದ ಮಣೆಯ ಬಳಿ ದೊರೆತ ಪರಿಚಯವೇ 1868ರಲ್ಲಿ ಜರ್ಮನ್ ಭಾಷೆಯ ‘ವೆಸ್ಟ್ಲಿಷೆ ಪೋಸ್ಟ್’ ಪತ್ರಿಕೆಯ ವರದಿಗಾರ ಹುದ್ದೆಗೆ ದಾರಿಯಾಯಿತು. ವಕೀಲಿಯ ಸನ್ನದು ಕೈಸೇರಿದ್ದರೂ ಅವರ ಬಾಳು ಅರಳಿದ್ದು ಪತ್ರಿಕಾವೃತ್ತಿಯಲ್ಲಿ.

1878ರಲ್ಲಿ ಹರಾಜಿಗೆ ಬಂದಿದ್ದ ‘ಡಿಸ್ಪ್ಯಾಚ್’ ಪತ್ರಿಕೆಯನ್ನು ಕೊಂಡು, ಅದನ್ನು ‘ಪೋಸ್ಟ್’ನೊಡನೆ ಸೇರಿಸಿ ನಡೆಸಿದರು. 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯನ್ನು 3,46,000 ಡಾಲರುಗಳಿಗೆ ಪಡೆದರು. ಸ್ವಾತಂತ್ರ್ಯದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣವಿಲ್ಲದೆ ಕೆಲಸ ನಿಂತಾಗ, 1885ರಲ್ಲಿ ‘ವರ್ಲ್ಡ್’ ಜನಸಾಮಾನ್ಯರ ಮುಂದೆ ಕೈಚಾಚಿತು. ಕೊಟ್ಟದ್ದು ಎಷ್ಟೇ ಅಲ್ಪವಾದರೂ ಕೊಟ್ಟವರ ಹೆಸರನ್ನು ಅಚ್ಚುಮಾಡುವುದಾಗಿ ಮಾತುಕೊಟ್ಟಿತು. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕ ದಾನಿಗಳಿಂದ ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಬಹುಪಾಲು ಕಾಣಿಕೆಗಳು ಒಂದು ಡಾಲರಿಗೂ ಕಡಿಮೆಯವು. 1887ರಲ್ಲಿ ಅದೇ ಪತ್ರಿಕೆಯ ನೆಲ್ಲಿ ಬ್ಲೈ ಎಂಬ ತರುಣಿ ಹುಚ್ಚಿಯಂತೆ ನಟಿಸಿ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಹೊಕ್ಕು, ಅಲ್ಲಿನ ಕ್ರೌರ್ಯವನ್ನು ಬಯಲಿಗೆಳೆದರು.

ಆದರೆ ಈ ಕೀರ್ತಿ ನಿಷ್ಕಳಂಕವಾಗಿ ಉಳಿಯಲಿಲ್ಲ. 1895ರಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ನ್ಯೂಯಾರ್ಕಿಗೆ ಬಂದು ಪೈಪೋಟಿ ಹೂಡಿದ ಮೇಲೆ ಎರಡು ಪತ್ರಿಕೆಗಳೂ ಉದ್ರೇಕದ ಸುದ್ದಿಗಳಲ್ಲಿ ಒಂದನ್ನೊಂದು ಮೀರಿಸಲು ಹೊರಟವು. ಕ್ಯೂಬಾದ ನಿಮಿತ್ತ 1898ರಲ್ಲಿ ನಡೆದ ಯುದ್ಧದ ಕಾಲದಲ್ಲಿ ಸತ್ಯಕ್ಕಿಂತ ಅಬ್ಬರವೇ ಮೇಲಾಯಿತು. ಹಳದಿ ಪತ್ರಿಕೋದ್ಯಮವೆಂಬ ನಿಂದೆಯ ಹೆಸರು ಹುಟ್ಟಿದ್ದು ಈ ಸ್ಪರ್ಧೆಯಲ್ಲಿಯೇ. ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗರಿಗೆ ಯುದ್ಧಕಾಲದಲ್ಲಿ ಏರಿಸಿದ ಬೆಲೆಯನ್ನು ಇಳಿಸದೆ ಹೋದುದರಿಂದ, 1899ರಲ್ಲಿ ಆ ಬಾಲಕರು ಮುಷ್ಕರ ಹೂಡಬೇಕಾಯಿತು. ಬಡತನದಿಂದ ಮೇಲೆದ್ದು ಬಂದವರ ಪತ್ರಿಕೆಯೇ ಬಡ ಹುಡುಗರ ಕೋಪಕ್ಕೆ ಗುರಿಯಾದದ್ದು ವಿಷಾದದ ಸಂಗತಿ.

ಅಷ್ಟರಲ್ಲಿ ಪುಲಿಟ್ಜರರ ಕಣ್ಣು ಬಹುಮಟ್ಟಿಗೆ ಆರಿಹೋಗಿತ್ತು. 1890ರಲ್ಲಿಯೇ ಅವರು ಸಂಪಾದಕಪೀಠವನ್ನು ಬಿಟ್ಟಿದ್ದರು. ಸಣ್ಣ ಸದ್ದನ್ನೂ ತಾಳಲಾರದೆ, ಕಾರ್ಯದರ್ಶಿಗಳಿಂದ ಪತ್ರಿಕೆಗಳನ್ನು ಓದಿಸಿಕೊಂಡು, ದೂರದಿಂದಲೇ ಆದೇಶ ಕೊಡುತ್ತಿದ್ದರು.

ಪತ್ರಿಕಾಶಿಕ್ಷಣದ ಕಲ್ಪನೆ ಅವರ ಮನಸ್ಸಿನಲ್ಲಿ ಬಹುಕಾಲದಿಂದ ಇತ್ತು. 1892ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿದ್ಯಾಸಂಸ್ಥೆಯ ಮುಂದೆ ಅದನ್ನಿಟ್ಟಾಗ ಪುರಸ್ಕಾರ ದೊರೆಯಲಿಲ್ಲ. ಅವರು ಕೈಬಿಡಲಿಲ್ಲ. 1903ರಲ್ಲಿ ಇಪ್ಪತ್ತು ಲಕ್ಷ ಡಾಲರುಗಳ ದತ್ತಿಯ ಒಪ್ಪಂದವಾಯಿತು. ಇದನ್ನು ಆಕ್ಷೇಪಿಸಿದವರಿಗೆ 1904ರಲ್ಲಿ ಒಂದು ದೀರ್ಘ ಪ್ರಬಂಧದ ಮೂಲಕ ಉತ್ತರವಿತ್ತರು. ಪತ್ರಿಕಾಕರ್ತನಾಗುವವನು ಕಾನೂನು, ಇತಿಹಾಸ, ಅರ್ಥಶಾಸ್ತ್ರ, ಅಂಕಿಅಂಶ, ಭಾಷೆ ಇವನ್ನು ಬಲ್ಲವನಾಗಬೇಕು; ಎಲ್ಲಕ್ಕೂ ಮಿಗಿಲಾಗಿ ನೀತಿವಂತನಾಗಬೇಕು; ಜಾಹೀರಾತು, ಮಾರಾಟಗಳ ವ್ಯವಹಾರವನ್ನು ಕಲಿಸುವುದು ಇಂಥ ಶಾಲೆಯ ಕೆಲಸವಲ್ಲ ಎಂಬುದು ಅವರ ವಾದ. ಮಾರಾಟದ ಪೈಪೋಟಿಯಲ್ಲಿ ಪತ್ರಿಕೆ ಎಲ್ಲಿಗೆ ಜಾರಬಲ್ಲುದೆಂಬುದಕ್ಕೆ ಅವರ ‘ವರ್ಲ್ಡ್’ ಪತ್ರಿಕೆಯೇ ಸಾಕ್ಷಿಯಾಗಿತ್ತು.

ಆ ಶಾಲೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1911ರ ಅಕ್ಟೋಬರ್ 29ರಂದು, ಚಾರ್ಲ್ಸ್‌ಟನ್ ಬಂದರಿನಲ್ಲಿ ನಿಂತಿದ್ದ ತಮ್ಮ ನೌಕೆಯಲ್ಲಿ ಅವರು ಕೊನೆಯುಸಿರೆಳೆದರು. ಮರುವರ್ಷ ಕೊಲಂಬಿಯಾದಲ್ಲಿ ಶಾಲೆ ತೆರೆಯಿತು. 1917ರಿಂದ ಅವರ ಹೆಸರಿನ ಪಾರಿತೋಷಕಗಳು ಆರಂಭವಾದವು. ಅಷ್ಟರಲ್ಲಿಯೇ, 1908ರಲ್ಲಿ, ಮಿಸೂರಿ ವಿಶ್ವವಿದ್ಯಾಲಯವೂ ಇಂಥ ಶಾಲೆಯನ್ನು ತೆರೆದಿತ್ತು. ಮುಂದೆ ಅನೇಕ ದೇಶಗಳು ಈ ವಿದ್ಯೆಗೆ ಸ್ಥಾನವಿತ್ತವು. ಕನ್ನಡನಾಡಿನಲ್ಲಿಯೂ 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮವು ವ್ಯಾಸಂಗದ ವಿಷಯವಾಯಿತು.

ಪತ್ರಿಕಾವೃತ್ತಿಯನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗೆ ಪುಲಿಟ್ಜರರ ಬಾಳು ಎರಡು ಬಗೆಯ ಪಾಠ. ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಭಾಷೆಯನ್ನು ಒಲಿಸಿಕೊಂಡ ಪರದೇಶಿ ತರುಣನ ಛಲ ಅನುಕರಣೀಯ. ಪ್ರಸಾರದ ಮೋಹಕ್ಕೆ ಸಿಲುಕಿದ ಪತ್ರಿಕೆಯ ನಡೆ ಎಚ್ಚರಿಕೆಯ ಗಂಟೆ. ತಮಗೆ ದೊರೆಯದ ವಿದ್ಯೆಯನ್ನು ಮುಂದಿನವರಿಗೆ ದೊರಕಿಸಿಕೊಟ್ಟ ಆ ದಾನವೇ ಅವರ ಬದುಕಿನ ಸಾರ್ಥಕ ಪುಟ.