ಬೇಲಿ ತಂತಿಯಿಂದ ಬ್ರಾಡ್‌ಬ್ಯಾಂಡ್‌ವರೆಗೆ: ಕ್ಲಾಡ್ ಶಾನನ್

ತೋಟದ ಬೇಲಿಗೆ ಹಾಕೋ ಮುಳ್ಳುತಂತಿಯಲ್ಲಿ ಮೆಸೇಜ್ ಕಳಿಸಬಹುದಾ? ಕ್ಲಾಡ್ ಶಾನನ್ ಹುಡುಗನಾಗಿದ್ದಾಗಲೇ ಕಳಿಸಿದ್ದರು. 1916ರ ಏಪ್ರಿಲ್ 30ರಂದು ಅಮೆರಿಕದ ಮಿಶಿಗನ್‌ನಲ್ಲಿ ಹುಟ್ಟಿದ ಅವರು ಬೆಳೆದದ್ದು ಗೇಲಾರ್ಡ್ ಎಂಬ ಪುಟ್ಟ ಊರಲ್ಲಿ. ಅರ್ಧ ಮೈಲಿ ಆಚೆಯ ಗೆಳೆಯನ ಮನೆಗೆ ಬೇಲಿಯನ್ನೇ ಟೆಲಿಗ್ರಾಫ್ ಲೈನ್ ಮಾಡಿಕೊಂಡಿದ್ದರು.

1936ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತು ಗಣಿತ ಎರಡರಲ್ಲೂ ಡಿಗ್ರಿ ಪಡೆದು ಎಂಐಟಿಗೆ ಹೋದರು. ಅಲ್ಲಿ 21ನೇ ವಯಸ್ಸಿನಲ್ಲಿ ಬರೆದ ಮಾಸ್ಟರ್ಸ್ ಥೀಸಿಸ್ಸಲ್ಲಿ ರಿಲೇ ಸ್ವಿಚ್‌ಗಳಿಗೆ ಬೂಲಿಯನ್ ಆಲ್ಜೀಬ್ರಾ ಜೋಡಿಸಿದರು. ನಾವು ಲಾಜಿಕ್ ಡಿಸೈನ್ ಲ್ಯಾಬಲ್ಲಿ ಮಾಡೋದು ಅದನ್ನೇ.

1941ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. 1948ರ ಅವರ ಪೇಪರ್ ಹೇಳಿದ್ದು ಇಷ್ಟು: ಪ್ರತಿ ಚಾನೆಲ್ಲಿಗೂ ಒಂದು ಗರಿಷ್ಠ ವೇಗ ಇದೆ. ಅದನ್ನು ನಿರ್ಧರಿಸೋದು ಬ್ಯಾಂಡ್‌ವಿಡ್ತ್, ಮತ್ತು ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನೋದು. ಆ ಮಿತಿಯೊಳಗೆ ಒಳ್ಳೆ ಕೋಡಿಂಗ್ ಇದ್ದರೆ ತಪ್ಪುಗಳನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಮಿತಿ ದಾಟಿದರೆ ಯಾವ ಮೋಡೆಮ್ ತಂದರೂ ಆಗಲ್ಲ.

ಇದನ್ನು ಮೂಡಿಗೆರೆ, ಕಳಸದ ಕಡೆ ಇಟ್ಟು ನೋಡಿ. ಮನೆಗಳು ತೋಟದೊಳಗೆ ಒಂಟಿಯಾಗಿರುತ್ತವೆ. ಎಡಿಎಸ್‌ಎಲ್2+ ತಂತ್ರಜ್ಞಾನದ 24 ಎಂಬಿಪಿಎಸ್ ಎಕ್ಸ್‌ಚೇಂಜ್ ಹತ್ತಿರದ ಮನೆಗೆ ಮಾತ್ರ. ತಾಮ್ರದ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತೆ, ಅದರಲ್ಲೂ ಹೆಚ್ಚಿನ ಫ್ರೀಕ್ವೆನ್ಸಿಗಳು ಮೊದಲು. ನಾಲ್ಕೈದು ಕಿಲೋಮೀಟರ್ ಆಚೆ ಉಳಿಯೋದು ಕೆಲವೇ ಎಂಬಿಪಿಎಸ್. ಮಳೆಗಾಲದಲ್ಲಿ ಜಾಯಿಂಟ್‌ಗೆ ನೀರು ಇಳಿದರೆ ನಾಯ್ಸ್ ಬೇರೆ. ಜಾಹೀರಾತಿನಲ್ಲಿ 'ವರೆಗೆ' ಎಂಬ ಸಣ್ಣ ಪದ ಇರೋದು ಇದಕ್ಕೇ.

ಫೈಬರ್ ಬಂದರೆ ದೂರದ ಸಮಸ್ಯೆ ಬಹುಪಾಲು ಹೋಗುತ್ತೆ, ಹಂಚಿಕೆಯದ್ದು ಉಳಿಯುತ್ತೆ. ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ರಾತ್ರಿ ಎಲ್ಲರೂ ಒಟ್ಟಿಗೆ ವಿಡಿಯೋ ಹಾಕಿದರೆ ಪಾಲು ಕಡಿಮೆಯಾಗಬಹುದು. ಹಳೇ ಮನೆಯ ದಪ್ಪ ಗೋಡೆ ದಾಟೋ ವೈಫೈ ಇನ್ನಷ್ಟು ಸೋಲುತ್ತೆ. ಅದಕ್ಕೇ ದೂರು ಕೊಡೋ ಮೊದಲು ರೂಟರ್‌ಗೆ ಕೇಬಲ್ ಹಾಕಿ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಅನ್ನೋದೂ ನೆನಪಿರಲಿ. ಕೇಬಲ್ಲಲ್ಲೂ ಸದಾ ಕಡಿಮೆ ಬಂದರೆ ಆಗ ಧೈರ್ಯವಾಗಿ ಕೇಳಿ, ಮಿತಿಯ ಹೆಸರಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಬೇಕಿಲ್ಲ.

ಇಷ್ಟು ದೊಡ್ಡ ಕೆಲಸ ಮಾಡಿದ ಶಾನನ್ ಬೆಲ್ ಲ್ಯಾಬ್ಸ್ ಕಾರಿಡಾರಲ್ಲಿ ಒಂಟಿಚಕ್ರದ ಸೈಕಲ್ ಓಡಿಸುತ್ತಿದ್ದರು, ದಾರಿ ಕಲಿಯೋ ಯಂತ್ರದ ಇಲಿ ಮಾಡಿದ್ದರು. ಕೊನೆಗೆ ಆಲ್‌ಝೈಮರ್ ಕಾಯಿಲೆ ಅವರ ನೆನಪನ್ನೇ ಅಳಿಸಿತು. ಅವರ ಗಣಿತದ ಮೇಲೆ ನಿಂತ ಇಂಟರ್‌ನೆಟ್ ಜಗತ್ತಿನ ಮನೆಮನೆಗೆ ಬರತೊಡಗಿದ್ದ ಕಾಲದಲ್ಲಿ, 2001ರ ಫೆಬ್ರವರಿ 24ರಂದು ಅವರು ತೀರಿಕೊಂಡರು.